ಖಾಲಿಯಾಗುತ್ತಿದ್ದ ಮನೆಯಲ್ಲಿ ಹನ್ನೊಂದು ದಿನ

ಮೊದಲನೆಯ ದಿನ, ಸೋಮವಾರ

ನೈರೋಬಿಯ ಜೋಮೊ ಕೆನ್ಯಾಟಾ ವಿಮಾನ ನಿಲ್ದಾಣದಲ್ಲಿ ಇಳಿದು, ಕೈಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡಾಗ ಬೆಳಗಿನ ಒಂಬತ್ತಾಗಿತ್ತು. ನಾವು ನಾಲ್ವರು: ನಮ್ಮ ಸಭೆಯ ಸಭಾಪಾಲಕರು, ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಸಿಸ್ಟರ್ ಒಬ್ಬರು, ಕಂಪ್ಯೂಟರ್ ಕೆಲಸದ ಯುವಕನೊಬ್ಬ, ಮತ್ತು ಧಾನ್ಯದ ಗೋದಾಮುಗಳಲ್ಲಿ ಗುಣಮಟ್ಟ ಪರೀಕ್ಷಕನಾಗಿ ಸೇವೆ ಮುಗಿಸಿದ ನಾನು. ಕೀನ್ಯಾದ ನ್ಯಾಹುರುರು ಪಟ್ಟಣದ ಹೊರವಲಯದಲ್ಲಿ ಅಲ್ಲಿನ ಕ್ರೈಸ್ತ ಸಭೆಯೊಂದು ನಡೆಸುವ ಮಕ್ಕಳ ಮನೆಗೆ ಸ್ವಯಂಸೇವಕರಾಗಿ ಹೊರಟಿದ್ದೆವು.

ಹೊರಡುವ ಸಿದ್ಧತೆಗೇ ಆರು ತಿಂಗಳು ಹಿಡಿದಿತ್ತು. ಪೊಲೀಸರಿಂದ ನಡತೆಯ ಪ್ರಮಾಣಪತ್ರ, ನಮ್ಮನ್ನು ಬಲ್ಲ ಇಬ್ಬರ ಪತ್ರ, ವಿಡಿಯೊ ಕರೆಯಲ್ಲಿ ಒಂದು ಗಂಟೆಯ ಸಂದರ್ಶನ, ಇಷ್ಟೂ ಆದ ಮೇಲೆಯೇ ಆ ಮನೆಯವರು ಒಪ್ಪಿದ್ದು. ಸಂಬಳವಿಲ್ಲದ ಸೇವೆಯಾದರೂ ಪ್ರವಾಸಿಗರ ಅನುಮತಿಯ ಮೇಲೆ ಬಂದು ಅದನ್ನು ಮಾಡುವಂತಿಲ್ಲವಾದ್ದರಿಂದ, ವಿಶೇಷ ಪಾಸಿನ ಓಡಾಟವನ್ನೂ ಅವರೇ ಮಾಡಿದ್ದರು. ನಮ್ಮ ಪಾಲಿಗೆ ಬಂದದ್ದು ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಭಾರತಕ್ಕೆ ಮರಳುವವರ ಕೈಯಲ್ಲಿ ಅದರ ಕಾರ್ಡ್ ಇರಬೇಕು, ಲಸಿಕೆ ಹಾಕಿಸಿ 10 ದಿನವಾದರೂ ಕಳೆದಿರಬೇಕು. ಆಗ ಇಷ್ಟೊಂದು ತಪಾಸಣೆ ಯಾತಕ್ಕೆ ಎಂದು ಒಳಗೊಳಗೇ ಗೊಣಗಿಕೊಂಡಿದ್ದೆ. ಈಗ ಅನಿಸುವುದೇನೆಂದರೆ, ಮಕ್ಕಳಿರುವ ಮನೆಯೊಂದು ಯಾವ ಪ್ರಶ್ನೆಯನ್ನೂ ಕೇಳದೆ ಅಪರಿಚಿತರನ್ನು ಒಳಗೆ ಬಿಟ್ಟುಕೊಂಡರೆ, ಅಂಥ ಮನೆಗೆ ಹೋಗದಿರುವುದೇ ಒಳ್ಳೆಯದು.

ವಿಮಾನ ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆಗಳನ್ನು ಬಿಚ್ಚಿಸಿದರು. ಮಕ್ಕಳಿಗಾಗಿ ತಂದ ನಲವತ್ತಮೂರು ಶಾಲಾ ಚೀಲಗಳ ಬಗ್ಗೆ ಯಾರೂ ಚಕಾರವೆತ್ತಲಿಲ್ಲ; ಅವನ್ನು ಸುತ್ತಿದ್ದ ಪ್ಲಾಸ್ಟಿಕ್ ಕವರುಗಳನ್ನು ಮಾತ್ರ ಒಂದೊಂದಾಗಿ ತೆಗೆಸಿ ಅಲ್ಲೇ ಬಿಡಿಸಿದರು. 2017ರ ಆಗಸ್ಟ್ 28ರಿಂದ ಈ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ನಲವತ್ತಮೂರು ಕವರು ಬಿಚ್ಚುವಷ್ಟರಲ್ಲಿ ನಮ್ಮ ಹಿಂದಿನ ಸಾಲು ಬೆಳೆದು, ಸಭಾಪಾಲಕರು ಎಲ್ಲರ ಕ್ಷಮೆ ಕೇಳುತ್ತ ನಿಂತಿದ್ದರು. ಆ ರಾತ್ರಿ ನೈರೋಬಿಯ ಅತಿಥಿಗೃಹವೊಂದರಲ್ಲಿ ತಂಗಿದೆವು.

ಎರಡನೆಯ ದಿನ, ಮಂಗಳವಾರ

ಮನೆಯವರೇ ಕಳುಹಿಸಿದ ವ್ಯಾನಿನಲ್ಲಿ ಬೆಳಿಗ್ಗೆ ಹೊರಟೆವು. ಲಿಮೂರಿನ ಚಹಾ ತೋಟಗಳನ್ನು ದಾಟಿದ ಮೇಲೆ ರಸ್ತೆಯ ಎಡಕ್ಕೆ ನೆಲವೇ ಇಲ್ಲದಂತಾಗುತ್ತದೆ. ಕೆಳಗೆ, ಮಂಜು ಸರಿದಾಗ, ರಿಫ್ಟ್ ಕಣಿವೆಯ ಹರವು ಕಾಣುತ್ತದೆ, ಅದರ ನಡುವೆ 2,776 ಮೀಟರ್ ಎತ್ತರದ ಲಾಂಗೊನಾಟ್ ಎಂಬ ಜ್ವಾಲಾಮುಖಿ ಪರ್ವತ. ಇಳಿಜಾರಿನ ಬುಡದಲ್ಲಿ, ಮಾಯ್ ಮಹಿಯು ಊರಿಗೆ ಸ್ವಲ್ಪ ಮೊದಲು, ಹತ್ತು ಹದಿನೈದು ಜನ ಹಿಡಿಸುವಷ್ಟು ಪುಟ್ಟ ಕಲ್ಲಿನ ಚರ್ಚೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ಈ ರಸ್ತೆಯನ್ನು ಕಡಿಯುವ ಕೆಲಸದಲ್ಲಿದ್ದಾಗ 1942ರಲ್ಲಿ ಅದನ್ನು ಕಟ್ಟಿದರು. ನಾವು ಇಳಿದು ಹೋಗಿ ಎರಡು ನಿಮಿಷ ಕುಳಿತು ಬಂದೆವು.

ನಾವು ಭಾರತದವರೆಂದು ತಿಳಿದ ಕೂಡಲೇ ಚಾಲಕರು ರೈಲಿನ ಕಥೆ ತೆಗೆದರು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ರೈಲು ಹಳಿಯನ್ನು 1896ರಿಂದ 1901ರ ಅವಧಿಯಲ್ಲಿ ಹಾಕಲು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆತಂದಿದ್ದರು. ಅವರಲ್ಲಿ ಸುಮಾರು 2,500 ಮಂದಿ ಇಲ್ಲಿಯೇ ಸತ್ತರು. ನೈರೋಬಿ ನಗರ ಹುಟ್ಟಿದ್ದೇ 1899ರಲ್ಲಿ, ಆ ಹಳಿಯ ಮೇಲಿನ ಒಂದು ಡಿಪೋ ಆಗಿ. ಇಲ್ಲಿ ನೆಲೆಸಿದ ಭಾರತೀಯ ಮೂಲದವರನ್ನು 2017ರಲ್ಲಿ ಸರ್ಕಾರ ದೇಶದ 44ನೆಯ ಬುಡಕಟ್ಟೆಂದು ಮಾನ್ಯ ಮಾಡಿತು. "ಆದ್ದರಿಂದ ನೀವು ಪೂರ್ತಿ ಹೊರಗಿನವರಲ್ಲ" ಎಂದು ಚಾಲಕರು ನಕ್ಕರು.

ನೈವಾಷಾ, ಗಿಲ್‌ಗಿಲ್, ಓಲ್ ಕಲೌ ದಾಟಿ, ಆಲೂಗಡ್ಡೆ ಮತ್ತು ಎಲೆಕೋಸಿನ ಹೊಲಗಳ ನಡುವೆ ಹಾದು ನ್ಯಾಹುರುರು ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಸಮಭಾಜಕ ವೃತ್ತದ ಊರೆಂದು ನಾನು ಹತ್ತಿಯ ಅಂಗಿಗಳನ್ನೇ ತುಂಬಿಕೊಂಡು ಬಂದಿದ್ದೆ. ಊರಿರುವುದು ಸಮುದ್ರಮಟ್ಟದಿಂದ 2,300 ಮೀಟರಿಗೂ ಮೇಲೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಗಸ್ಟಿನ ಸಂಜೆಯ ಚಳಿಗೆ ಹಲ್ಲು ಕಟಕಟಿಸಿತು. ಮಕ್ಕಳ ಮನೆಯ ಗೇಟಿನಲ್ಲಿ ಯಾವ ಹಾಡೂ ಇರಲಿಲ್ಲ, ಹೂವೂ ಇರಲಿಲ್ಲ. ಅಂಗಳದಲ್ಲಿ ಚಿಂದಿಯ ಚೆಂಡು ಒದೆಯುತ್ತಿದ್ದ ಆರೇಳು ಹುಡುಗರು ಒಮ್ಮೆ ತಿರುಗಿ ನೋಡಿ ಆಟ ಮುಂದುವರಿಸಿದರು.

ಮೂರನೆಯ ದಿನ, ಬುಧವಾರ

ಮನೆಯ ಮೇಲ್ವಿಚಾರಕಿ ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಎಲ್ಲರ ಬಾಯಲ್ಲೂ ಅವರು "ಮಾಮಾ". ಬೆಳಗಿನ ಗಂಜಿಯಾದ ಮೇಲೆ ನಮ್ಮನ್ನು ಕಚೇರಿಯಲ್ಲಿ ಕೂರಿಸಿಕೊಂಡು ನಿಯಮಗಳ ಎರಡು ಹಾಳೆಗಳನ್ನು ಓದಿದರು. ಮಕ್ಕಳ ಫೋಟೊ ತೆಗೆಯಬಾರದು. ಯಾವ ಮಗುವಿನ ಜೊತೆಯೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ಅಪ್ಪ ಅಮ್ಮನ ವಿಷಯ ಕೇಳಬಾರದು. ಒಂದು ಮಗುವಿಗೆ ಮಾತ್ರ ಯಾವ ಉಡುಗೊರೆಯನ್ನೂ ಕೊಡಬಾರದು. ಮತ್ತೆ ಬರುತ್ತೇನೆ ಎಂಬ ಮಾತನ್ನು, ಬರುವ ಮನಸ್ಸು ನಿಜವಾಗಿಯೂ ಇದ್ದರೂ, ಆಡಬಾರದು. ಸಹಿ ಹಾಕಿಸಿಕೊಂಡ ಮೇಲೆ ಅವರು ಹೇಳಿದ ಸಂಗತಿ ನಾವು ನಿರೀಕ್ಷಿಸಿದ್ದಕ್ಕೆ ತೀರ ಬೇರೆಯದಾಗಿತ್ತು. ಮನೆಯಲ್ಲಿ ನಲವತ್ತಮೂರು ಮಕ್ಕಳ ಹೆಸರಿದೆ, ಆದರೆ ಈಗ ಇರುವವರು ಹದಿನೇಳೇ. ಶಾಲೆಗೆ ಆಗಸ್ಟ್ ರಜೆ ಬಂದದ್ದರಿಂದ ಉಳಿದವರೆಲ್ಲ ಅವರವರ ಅಜ್ಜಿ, ಸೋದರಮಾವ, ದೊಡ್ಡಮ್ಮಂದಿರ ಮನೆಗೆ ಹೋಗಿದ್ದಾರೆ.

ನಮ್ಮ ಯುವಕನ ಮುಖ ಸಪ್ಪಗಾಯಿತು. "ಅನಾಥ ಮಕ್ಕಳಲ್ಲವೇ?" ಎಂದು ಕೇಳಿಯೇಬಿಟ್ಟ.

ಮಾಮಾ ಬೇಸರಿಸಿಕೊಳ್ಳಲಿಲ್ಲ, ಈ ಪ್ರಶ್ನೆಗೆ ಉತ್ತರ ಹೇಳಿ ಅವರಿಗೆ ಅಭ್ಯಾಸವಾಗಿದ್ದಂತಿತ್ತು. ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳು ಇಲ್ಲಿ ಕೆಲವರು ಮಾತ್ರ. ಹೆಚ್ಚಿನವರಿಗೆ ತಾಯಿಯೋ ತಂದೆಯೋ, ಹತ್ತಿರದ ನೆಂಟರೋ ಬದುಕಿದ್ದಾರೆ. ಬಡತನ, ಕಾಯಿಲೆ, ಕುಡಿತ, ಒಡೆದ ಸಂಸಾರ, ಇವು ಮಕ್ಕಳನ್ನು ಇಲ್ಲಿಗೆ ತಂದಿವೆ. ಇದು ಈ ಒಂದು ಮನೆಯ ಕಥೆಯೂ ಅಲ್ಲ. ಜಗತ್ತಿನ ಬೇರೆ ಬೇರೆ ದೇಶಗಳ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಬದುಕಿರುತ್ತಾರೆ. 2017ರ ನವೆಂಬರಿನಲ್ಲಿ ಕೀನ್ಯಾ ಸರ್ಕಾರ ಹೊಸ ಮಕ್ಕಳ ಸಂಸ್ಥೆಗಳ ನೋಂದಣಿಯನ್ನೇ ನಿಲ್ಲಿಸಿತು. 2022ರಲ್ಲಿ ಬಂದ ಮಕ್ಕಳ ಕಾಯ್ದೆಯಲ್ಲಿ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯ. ಅದೇ ವರ್ಷ ಪ್ರಕಟವಾದ, 2032ರವರೆಗಿನ ಹತ್ತು ವರ್ಷದ ರಾಷ್ಟ್ರೀಯ ಯೋಜನೆಯ ಗುರಿ ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳಿಗೆ ಮರಳಿಸುವುದು. "ನನ್ನ ಕೆಲಸ ಈ ಮನೆಯನ್ನು ಖಾಲಿ ಮಾಡುವುದು" ಎಂದರು ಮಾಮಾ. "ಅದಕ್ಕೆ ಸಹಾಯ ಮಾಡುವುದಾದರೆ ನಿಮಗೂ ಕೆಲಸ ಕೊಡುತ್ತೇನೆ."

ಸಿಸ್ಟರಿಗೆ ಔಷಧಿಯ ಕಪಾಟು ಮತ್ತು ಲಸಿಕೆಯ ಕಾರ್ಡುಗಳು, ಯುವಕನಿಗೆ ಹಾಳಾದ ಎರಡು ಕಂಪ್ಯೂಟರು ಮತ್ತು ಸಿಬ್ಬಂದಿಗೆ ಕಲಿಸುವ ಕೆಲಸ, ಸಭಾಪಾಲಕರಿಗೆ ಕೋಳಿಗೂಡಿನ ಮಾಡು. ಪ್ರಸಂಗ ಮಾಡಲು ಸಿದ್ಧರಾಗಿ ಬಂದವರಿಗೆ ಸುತ್ತಿಗೆ ಸಿಕ್ಕಿತು. ಅವರು ಅದನ್ನು ಸಂತೋಷದಿಂದಲೇ ತೆಗೆದುಕೊಂಡರೆಂದು ಹೇಳಬೇಕು. ನನ್ನ ಅರ್ಜಿಯಲ್ಲಿದ್ದ ಹಳೆಯ ಉದ್ಯೋಗವನ್ನು ನೆನಪಿಟ್ಟುಕೊಂಡಿದ್ದ ಮಾಮಾ ನನ್ನ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟರು. ನಾವು ತಂದ ಚೀಲಗಳನ್ನು ಮಕ್ಕಳಿಗೆ ಹಂಚಲಿಲ್ಲ. ಲೆಕ್ಕ ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ರಾತ್ರಿ ಮಲಗುವಾಗ ಯುವಕ ಕತ್ತಲಲ್ಲೇ ಕೇಳಿದ: "ಹಾಗಾದರೆ ನಾವು ಇಷ್ಟು ದೂರ ಬಂದಿದ್ದು ಯಾತಕ್ಕೆ, ಅಂಕಲ್?" ನನ್ನ ಬಳಿ ಉತ್ತರವಿರಲಿಲ್ಲ; ನಿದ್ದೆ ಬಂದವನಂತೆ ಸುಮ್ಮನಾದೆ.

ನಾಲ್ಕನೆಯ ದಿನ, ಗುರುವಾರ

ಅಡುಗೆಮನೆಯ ಹಿರಿಯ ಹೆಂಗಸನ್ನು ಮಕ್ಕಳು "ಶೋಶೋ", ಅಂದರೆ ಅಜ್ಜಿ, ಎನ್ನುತ್ತಿದ್ದರು. ನನ್ನ ನರೆತ ತಲೆ ನೋಡಿ ನನಗೂ "ಗುಕಾ", ಅಂದರೆ ಅಜ್ಜ, ಎಂದು ಹೆಸರಿಟ್ಟರು. ಉಗ್ರಾಣವನ್ನು ಒಟ್ಟಿಗೆ ನೋಡೋಣ, "ಸಾ ಮೋಜಾ"ಕ್ಕೆ ಬನ್ನಿ ಎಂದು ಶೋಶೋ ಹಿಂದಿನ ದಿನ ಹೇಳಿದ್ದರು. ಸಾ ಎಂದರೆ ಗಂಟೆ, ಮೋಜಾ ಎಂದರೆ ಒಂದು. ನಾನು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹೋಗಿ ನಿಂತೆ. ಸ್ವಾಹಿಲಿಯಲ್ಲಿ ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ಆದ್ದರಿಂದ ಅವರ ಒಂದು ಗಂಟೆಯೆಂದರೆ ನಮ್ಮ ಬೆಳಗಿನ ಏಳು. ಆಕೆ ಆರು ಗಂಟೆಯಷ್ಟು ಕಾಲ ಕಾದಿದ್ದರು. "ಪೋಲೆ" ಎಂದರು. ಯಾರಿಗೇ ಏನೇ ತೊಂದರೆಯಾದರೂ, ಎಡವಿದರೂ, ಸೀನಿದರೂ ಇಲ್ಲಿ ಹೇಳುವ ಸಮಾಧಾನದ ಮಾತು ಅದು. ತಪ್ಪು ನನ್ನದಾಗಿದ್ದರೂ ಸಮಾಧಾನ ಹೇಳಿದವರು ಅವರೇ.

ಉಗ್ರಾಣದ ಬಾಗಿಲು ತೆರೆದಾಗ ಮೂಗಿಗೆ ಬಡಿದ ವಾಸನೆ ನನಗೆ ಮೂವತ್ತೈದು ವರ್ಷದ ಪರಿಚಯದ್ದು: ಮುಗ್ಗಿದ ಕಾಳಿನ ವಾಸನೆ. ತೊಂಬತ್ತು ಕಿಲೋ ತೂಕದ ಹದಿನಾಲ್ಕು ಚೀಲ ಜೋಳ, ಅಂದರೆ ಮೆಕ್ಕೆಜೋಳ, ಸಿಮೆಂಟಿನ ನೆಲದ ಮೇಲೆ ನೇರವಾಗಿ, ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಹೊಸ ಫಸಲು ಬರಲು ಇನ್ನೂ ಎರಡು ಮೂರು ತಿಂಗಳಿತ್ತು. ಪಕ್ಕದಲ್ಲಿ ಮೂರು ಚೀಲ ಹುರುಳಿಕಾಯಿ ಬೀಜ; ಅಂಗೈಗೆ ಸುರಿದುಕೊಂಡರೆ ಪ್ರತಿ ಹತ್ತರಲ್ಲಿ ಮೂರು ಬೀಜಕ್ಕೆ ಸೂಜಿ ಚುಚ್ಚಿದಂಥ ತೂತು. ಗೋಡೆಗೆ ತಾಗಿದ್ದ ಚೀಲವೊಂದರ ಹೊಲಿಗೆ ಬಿಚ್ಚಿ, ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿದೆ. ಮೇಲೆ ತಣ್ಣಗಿದ್ದ ಕಾಳು ಒಳಗೆ ಬೆಚ್ಚಗಿತ್ತು. ಚೆನ್ನಾಗಿ ಒಣಗಿದ ಕಾಳು ಬೆಚ್ಚಗಾಗುವುದಿಲ್ಲ; ತೇವವಿದ್ದರೆ, ಹುಳುವಿದ್ದರೆ ಮಾತ್ರ ಚೀಲಕ್ಕೆ ಜ್ವರ ಬರುತ್ತದೆ. ಕೈ ಹೊರತೆಗೆದಾಗ ಹಸಿರು ಮಿಶ್ರಿತ ಬೂದು ಬಣ್ಣದ ಧೂಳು ಬೆರಳುಗಳಿಗೆ ಅಂಟಿಕೊಂಡಿತ್ತು.

ಇದನ್ನು ಹುಡುಗಾಟವೆಂದು ಬಿಡುವಂತಿರಲಿಲ್ಲ. ಇದೇ ದೇಶದ ಪೂರ್ವ ಭಾಗದಲ್ಲಿ 2004ರಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 317 ಮಂದಿ ಕಾಯಿಲೆ ಬಿದ್ದು, 125 ಮಂದಿ ಸತ್ತಿದ್ದರು. ಆ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ, ಎಷ್ಟು ಹೊತ್ತು ಕುದಿಸಿದರೂ ಅಷ್ಟೆ. ಶೋಶೋ ನನ್ನ ಬೆರಳುಗಳನ್ನು ನೋಡಿದರು, ನನ್ನ ಮುಖ ನೋಡಿದರು, ಆ ಮೇಲೆ ಒಂದೂ ಮಾತಾಡದೆ ಮಧ್ಯಾಹ್ನದ ಹಿಟ್ಟಿಗೆಂದು ಅಳೆದಿಟ್ಟಿದ್ದ ಡಬ್ಬಿಯನ್ನು ಹಿಂದಕ್ಕೆ ತಳ್ಳಿದರು. ಆ ದಿನ ಎಲ್ಲರಿಗೂ ಬೇಯಿಸಿದ ಆಲೂಗಡ್ಡೆ.

ಐದನೆಯ ದಿನ, ಶುಕ್ರವಾರ

ಇಡೀ ದಿನ ಚೀಲ ಹೊರುವುದೇ ಆಯಿತು. ಹದಿನಾಲ್ಕರಲ್ಲಿ ಗೋಡೆಗೆ ತಾಗಿದ್ದ ಮೂರು ಚೀಲಗಳನ್ನು ಪೂರ್ತಿ ಹೊರಹಾಕಿ, ಪ್ರಾಣಿಗಳೂ ತಿನ್ನದಂತೆ ಸುಟ್ಟೆವು. ಸುಡಲೇಬೇಕೆಂದು ಹೇಳುವಾಗ ನನ್ನ ಗಂಟಲು ಕಟ್ಟಿತು; ಎರಡು ಕ್ವಿಂಟಾಲಿಗೂ ಹೆಚ್ಚು ಕಾಳು, ಮಕ್ಕಳ ಅನ್ನ. ಕೋಳಿಗಾದರೂ ಹಾಕೋಣವೇ ಎಂದು ಸಭಾಪಾಲಕರು ಕೇಳಿದರು. ಬೇಡ, ಕೋಳಿಗೂ ಅದು ವಿಷವೇ ಎಂದೆ.

ಉಳಿದ ಹನ್ನೊಂದನ್ನು ಪರೀಕ್ಷಿಸಬೇಕಿತ್ತು, ಆದರೆ ತೇವಾಂಶ ಅಳೆಯುವ ಯಂತ್ರ ಇರಲಿಲ್ಲ. ಅದಕ್ಕೆ ಹಳ್ಳಿಗಳಲ್ಲಿ ಬಳಸುವ ಸರಳ ಉಪಾಯವೊಂದಿದೆ. ಒಲೆಯ ಮೇಲೆ ಉಪ್ಪನ್ನು ಚೆನ್ನಾಗಿ ಹುರಿದು ಒಣಗಿಸಬೇಕು. ಒಣಗಿದ ಗಾಜಿನ ಬಾಟಲಿಯ ಮೂರನೆಯ ಒಂದು ಭಾಗದಷ್ಟು ಕಾಳು ತುಂಬಿ, ಎರಡು ಮೂರು ಚಮಚ ಉಪ್ಪು ಹಾಕಿ, ಮುಚ್ಚಳ ಬಿಗಿದು, ಎರಡು ಮೂರು ನಿಮಿಷ ಅಲುಗಿಸಿ, ಕಾಲು ಗಂಟೆ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ಕಾಳಿನ ತೇವಾಂಶ ಶೇ 15ಕ್ಕಿಂತ ಹೆಚ್ಚೆಂದು ತಿಳಿಯಬೇಕು. ಅಂಟದೆ ತಳಕ್ಕೆ ಉದುರಿದರೆ ಅದಕ್ಕಿಂತ ಕಡಿಮೆ. ಬಹುಕಾಲ ಇಡಲು ಶೇ 13.5ಕ್ಕೆ ಇಳಿಸಬೇಕು, ಅಷ್ಟನ್ನು ಈ ಬಾಟಲಿ ಹೇಳಲಾರದು; ಆದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ನಾನು ಬಾಟಲಿ ಅಲುಗಿಸುತ್ತಿದ್ದರೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ಎರಡನೆಯ ಬಾಟಲಿಯನ್ನು ಕೇಳಿ ಪಡೆದು ತಾನೇ ಅಲುಗಿಸಿದಳು. ಐದನೆಯದರ ಹೊತ್ತಿಗೆ ನನಗಿಂತ ಮೊದಲೇ ಬೆಳಕಿಗೆ ಹಿಡಿದು ನೋಡಿ, "ಗುಕಾ, ಇದು ಅಂಟಿದೆ" ಎಂದು ತೀರ್ಪು ಕೊಡತೊಡಗಿದಳು. ಹನ್ನೊಂದರಲ್ಲಿ ನಾಲ್ಕು ಅಂಟಿದವು.

ಆ ಸಂಜೆ ಮನೆಯ ಸಮಾಜ ಕಾರ್ಯಕರ್ತೆ ಕಪಾಟಿನ ಬೀಗ ತೆಗೆಸಿ, ನಾವು ತಂದ ಶಾಲಾ ಚೀಲಗಳಲ್ಲಿ ಐದನ್ನು ಲೆಕ್ಕ ಬರೆಸಿ ಎತ್ತಿಕೊಂಡು ಹೋದದ್ದನ್ನು ಕಂಡೆ. ಅವುಗಳಲ್ಲಿ ಕೆಂಪು ಜಿಪ್ಪಿನ ನೀಲಿ ಚೀಲವೊಂದಿತ್ತು. ಅದನ್ನು ಆರಿಸಿದ್ದು ನಾನು. ಯಾರಿಗೆಂದು ಕೇಳಲಿಲ್ಲ.

ಆರನೆಯ ದಿನ, ಶನಿವಾರ

ಬಿಸಿಲು ಬಂದದ್ದು ಎರಡೇ ತಾಸು. ನಾಲ್ಕು ಚೀಲದ ಕಾಳನ್ನು ಟಾರ್ಪಾಲಿನ ಮೇಲೆ ಹರವುವುದು, ಮೋಡ ಕಂಡರೆ ಮಡಚುವುದು, ಮತ್ತೆ ಹರವುವುದು.

ನನ್ನ ತಪ್ಪೂ ಇದೇ ದಿನದ್ದು. ಕಾಳು ಹರವಲು ಬೆಳಗಿನಿಂದ ಜೊತೆಗಿದ್ದ, ಆರೇಳು ವರ್ಷದ ಹುಡುಗನೊಬ್ಬ ನನ್ನ ಜೇಬಿನ ಮೂರು ಬಣ್ಣದ ಪೆನ್ನನ್ನೇ ನೋಡುತ್ತಿದ್ದ. ನಿಯಮ ನೆನಪಿತ್ತು; ಪೆನ್ನೇನು ಮಹಾ ಎಂದುಕೊಂಡು ಕೊಟ್ಟೆ. ಸಂಜೆಯ ಪ್ರಾರ್ಥನೆಗೆ ಮೊದಲು ಮಲಗುವ ಕೋಣೆಯಲ್ಲಿ ಗಲಾಟೆ. ಒಬ್ಬನ ತುಟಿ ಒಡೆದಿತ್ತು, ನಾನು ಪೆನ್ನು ಕೊಟ್ಟಿದ್ದ ಹುಡುಗ ಮಂಚದ ಕೆಳಗೆ ಸೇರಿಕೊಂಡು ಬರಲೊಲ್ಲ. ಮಾಮಾ ನನ್ನ ಮೇಜಿನ ಮೇಲೆ ಮುರಿದ ಪೆನ್ನನ್ನೂ ಕೆಂಪು, ಹಸಿರು, ನೀಲಿಯ ಮೂರು ಕಡ್ಡಿಗಳನ್ನೂ ಸಾಲಾಗಿ ಇಟ್ಟು, ಏನೂ ಹೇಳದೆ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು. ಬಂದ ಅತಿಥಿಗಳಲ್ಲಿ ಯಾರನ್ನು ಹಿಡಿದರೆ ಏನು ಸಿಗುತ್ತದೆ ಎಂಬ ಲೆಕ್ಕವನ್ನು ಆ ಮಕ್ಕಳಿಗೆ ಕಲಿಸಿದವರು ನನ್ನಂಥವರೇ, ನನಗಿಂತ ಮೊದಲು ಬಂದುಹೋದವರು.

ಏಳನೆಯ ದಿನ, ಭಾನುವಾರ

ಆರಾಧನೆ ಮೂರು ತಾಸು. ತಗಡಿನ ಗೋಡೆ, ತಗಡಿನ ಮಾಡು. ನಡುವೆ ಮಳೆ ಬಂದಾಗ ಪ್ರಸಂಗ ಕೇಳದಾಗಿ, ಸಭೆಯವರು ಮಳೆ ನಿಲ್ಲುವವರೆಗೆ ಕೀರ್ತನೆ ಹಾಡಿದರು. ಹಣವಿಲ್ಲದವರು ಕಾಣಿಕೆಗೆ ಮೊಟ್ಟೆ, ಎಲೆಕೋಸು, ಕ್ಯಾರೆಟ್ ತಂದಿದ್ದರು. ಕೊನೆಯಲ್ಲಿ ಅವನ್ನು ಹರಾಜು ಹಾಕಿದಾಗ, ಕೈಯೆತ್ತಿ ನಮಸ್ಕರಿಸಲು ಹೋದ ನಮ್ಮ ಸಭಾಪಾಲಕರಿಗೆ ಇನ್ನೂರು ಶಿಲ್ಲಿಂಗಿಗೆ ಎಲೆಕೋಸೊಂದು ಬಿತ್ತು.

ಸ್ವಾಹಿಲಿ ಸತ್ಯವೇದದ ಪಾಠ ಓದುತ್ತಿದ್ದಾಗ ನನ್ನ ಮನಸ್ಸು ಬಾಸೆಲಿನ ಕಡೆಗೆ ಹೋಗಿತ್ತು. ಕೀನ್ಯಾದ ಕರಾವಳಿಗೆ 1844ರಲ್ಲಿ ಬಂದ ಜರ್ಮನಿಯ ಮಿಷನರಿ ಲುಡ್ವಿಗ್ ಕ್ರಾಫ್ ಕಲಿತದ್ದು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ. ಮೊಂಬಾಸಾಕ್ಕೆ ಬಂದ ಕೆಲವೇ ತಿಂಗಳಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಅಲ್ಲಿ ಮಣ್ಣು ಮಾಡಿದ ಆತ, ಆ ಮೇಲೆ ಸ್ವಾಹಿಲಿಯ ನಿಘಂಟನ್ನು ಸಿದ್ಧಪಡಿಸಿದರು. ಅದು ಅಚ್ಚಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1882ರಲ್ಲಿ. ಹನ್ನೆರಡು ವರ್ಷದ ನಂತರ, 1894ರಲ್ಲಿ, ಅದೇ ಬಾಸೆಲಿನಿಂದ ಹೊರಟ ಇನ್ನೊಬ್ಬರು, ಕಿಟ್ಟೆಲ್, ನಮ್ಮ ನಿಘಂಟನ್ನು ಕೊಟ್ಟರು. ಭಾಷೆ ಕಲಿಯಲು ಅವರಿಗೆ ಒಂದು ಆಯುಷ್ಯವೇ ಬೇಕಾಯಿತು. ನಾನು ಹನ್ನೊಂದು ದಿನಕ್ಕೆಂದು ಬಂದು ಒಂದರಿಂದ ಹನ್ನೆರಡರವರೆಗಿನ ಗಂಟೆಗಳನ್ನೇ ತಪ್ಪು ಎಣಿಸಿದ್ದೆ.

ಎಂಟನೆಯ ದಿನ, ಸೋಮವಾರ

ಮಕ್ಕಳನ್ನು ಕರೆದುಕೊಂಡು ಥಾಮ್ಸನ್ ಜಲಪಾತಕ್ಕೆ ಹೋದೆವು. ಎವಾಸೊ ನರೋಕ್ ನದಿ ಅಲ್ಲಿ 74 ಮೀಟರ್ ಕೆಳಕ್ಕೆ ಧುಮುಕುತ್ತದೆ. 1883ರಲ್ಲಿ ಈ ದಾರಿಯಲ್ಲಿ ಬಂದ ಸ್ಕಾಟ್ಲೆಂಡಿನ ಜೋಸೆಫ್ ಥಾಮ್ಸನ್ನನ ಹೆಸರು ಅದಕ್ಕೆ ಅಂಟಿದೆ, ನದಿ ಅದಕ್ಕೂ ಮೊದಲಿನಿಂದ ಹರಿಯುತ್ತಿದ್ದರೂ. ಬರುವಾಗ ಪಟ್ಟಣದ ಆಗ್ರೋವೆಟ್, ಅಂದರೆ ಕೃಷಿ ಸಾಮಗ್ರಿಯ ಅಂಗಡಿಯಲ್ಲಿ ಗಾಳಿಯಾಡದ ಮೂರು ಪದರದ ಚೀಲಗಳನ್ನು ಕೊಂಡೆವು: ಒಳಗೆ ದಪ್ಪ ಪಾಲಿಥೀನಿನ ಎರಡು ಪದರ, ಹೊರಗೆ ನೇಯ್ದ ಚೀಲ. ಒಣಗಿದ ಕಾಳನ್ನು ತುಂಬಿ, ಒಂದೊಂದು ಪದರವನ್ನೂ ಬೇರೆ ಬೇರೆಯಾಗಿ ತಿರುಚಿ ಕಟ್ಟಿದರೆ, ಒಳಗಿನ ಹುಳುಗಳು ಇದ್ದ ಆಮ್ಲಜನಕವನ್ನು ಮುಗಿಸಿಕೊಂಡು ಸಾಯುತ್ತವೆ, ಔಷಧಿ ಬೆರೆಸಬೇಕಿಲ್ಲ.

ಒಂಬತ್ತನೆಯ ದಿನ, ಮಂಗಳವಾರ

ಸಮಾಜ ಕಾರ್ಯಕರ್ತೆ ಓಲ್ ಕಲೌ ಕಡೆಯ ಹಳ್ಳಿಯೊಂದಕ್ಕೆ ಹೊರಟಿದ್ದರು. ಅರ್ಧ ಚೀಲ ಒಣ ಜೋಳ ಹೊರಲು ಒಬ್ಬರು ಬೇಕೆಂದು ನನ್ನನ್ನು ಕರೆದರು. ಹುಡುಗರ ಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚವೊಂದು ಖಾಲಿಯಿರುವುದನ್ನು ನೋಡಿದ್ದೆ. ಆ ಮಂಚದ, ಒಂಬತ್ತು ವರ್ಷದ ಹುಡುಗ ರಜೆಗೆಂದು ಅಜ್ಜಿಯ ಮನೆಗೆ ಹೋಗಿದ್ದ. ಅವನು ಮರಳಿ ಬರುತ್ತಾನೋ ಅಲ್ಲಿಯೇ ಉಳಿಯುತ್ತಾನೋ ಎಂಬುದನ್ನು ನಿರ್ಧರಿಸುವ ಮೊದಲಿನ ಕೊನೆಯ ಭೇಟಿ ಇದು. ದಾರಿಯಲ್ಲಿ ನನಗೆ ಹೇಳಬೇಕಾದಷ್ಟನ್ನು ಮಾತ್ರ ಅವರು ಹೇಳಿದರು.

ಮಟಾಟು ಎಂಬ ಬಾಡಿಗೆ ವ್ಯಾನಿನಿಂದ ಇಳಿದು, ಬಾಡಿಗೆ ಬೈಕಿನ ಮೇಲೆ ನಾವಿಬ್ಬರೂ ಜೋಳದ ಚೀಲವೂ ಕೆಸರಿನಲ್ಲಿ ಹೋದೆವು. ಒಂದು ಎಕರೆಯಷ್ಟು ಆಲೂಗಡ್ಡೆ ಹೊಲ, ಎರಡು ಕೋಣೆಯ ತಗಡಿನ ಮನೆ, ಕಟ್ಟಿದ ಹಸು. ಅಜ್ಜಿ ಹಾಲೇ ಹೆಚ್ಚಿದ್ದ ಚಹಾ ಕೊಟ್ಟರು. ಸಮಾಜ ಕಾರ್ಯಕರ್ತೆ ಚಹಾ ಕುಡಿಯುತ್ತಲೇ ಎಲ್ಲವನ್ನೂ ನೋಡಿದರು: ಹುಡುಗ ಮಲಗುವುದೆಲ್ಲಿ, ಹೊದಿಕೆ ಎಷ್ಟು, ನೀರಿಗೆ ಎಷ್ಟು ದೂರ, ಶಾಲೆಗೆ ಎಷ್ಟು ಹೊತ್ತು. ಸರ್ಕಾರಿ ಪ್ರಾಥಮಿಕ ಶಾಲೆಗೆ 2003ರಿಂದ ಶುಲ್ಕವಿಲ್ಲ, ಆದರೆ ಸಮವಸ್ತ್ರಕ್ಕೆ, ಮಧ್ಯಾಹ್ನದ ಊಟಕ್ಕೆ, ಪರೀಕ್ಷೆಯ ಹಾಳೆಗೆ ಹಣ ಬೇಕು. ಮೂರು ವರ್ಷದ ಹಿಂದೆ ಆ ಅಜ್ಜಿ ಮೊಮ್ಮಗನನ್ನು ಬಿಟ್ಟುಕೊಟ್ಟದ್ದು ಪ್ರೀತಿ ಸಾಲದೆ ಅಲ್ಲ, ಈ ಪುಡಿಗಾಸು ಸಾಲದೆ.

ಹೊಲದ ಕಡೆಯಿಂದ ಹುಡುಗ ಬಂದ. ನನ್ನನ್ನು ಕಂಡು ನಾಚಿ ಒಳಗೆ ಓಡಿದವನು ಸ್ವಲ್ಪ ಹೊತ್ತಿನಲ್ಲಿ ಶಾಲಾ ಚೀಲವೊಂದನ್ನು ಬೆನ್ನಿಗೇರಿಸಿಕೊಂಡು ಹೊರಬಂದ. ನೀಲಿ ಚೀಲ, ಕೆಂಪು ಜಿಪ್ಪು. ಚೆನ್ನಾಗಿದೆಯೇ ಎನ್ನುವಂತೆ ಒಂದು ಸುತ್ತು ತಿರುಗಿ ತೋರಿಸಿ, ಇಂಗ್ಲಿಷಿನಲ್ಲಿ, ಒಂದೊಂದೇ ಪದ ಆರಿಸಿ ಹೇಳಿದ: "ನನ್ನ ಶೋಶೋ ಕೊಡಿಸಿದ್ದು."

ಅಜ್ಜಿ ನೆಲ ನೋಡುತ್ತಿದ್ದರು. ಸಮಾಜ ಕಾರ್ಯಕರ್ತೆ ನನ್ನನ್ನು ನೋಡುತ್ತಿದ್ದರು. ಬಹಳ ಒಳ್ಳೆಯ ಚೀಲ, ಗಟ್ಟಿ ಹೊಲಿಗೆ ಎಂದು ನಾನು ಹೇಳಿದೆ. ಅಜ್ಜಿ ತಲೆಯೆತ್ತಿ ನನ್ನ ಲೋಟಕ್ಕೆ ಮತ್ತೆ ಚಹಾ ಸುರಿದರು.

ಹತ್ತನೆಯ ದಿನ, ಬುಧವಾರ

ಗೋದಾಮಿನವರು ಡನೇಜ್ ಎನ್ನುವ ಅಡಿಹಲಗೆಗಳನ್ನು ಸಭಾಪಾಲಕರೂ ಯುವಕನೂ ಕೋಳಿಗೂಡಿನ ಉಳಿದ ಮರದಿಂದ ಮಾಡಿಕೊಟ್ಟರು. ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಒಂದೂವರೆ ಅಡಿ ಈಚೆಗೆ, ಒಬ್ಬ ಮನುಷ್ಯ ಸುತ್ತ ಹಾಯುವಷ್ಟು ಜಾಗ ಬಿಟ್ಟು ಚೀಲಗಳನ್ನು ಜೋಡಿಸಿದೆವು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಪ್ರತಿ ಚೀಲದ ಸಂಖ್ಯೆ, ಕಟ್ಟಿದ ದಿನಾಂಕ. ಉಪ್ಪಿನ ಬಾಟಲಿ ಶೋಶೋ ಅವರ ಒಲೆಯ ಮೇಲಿನ ಗೂಡಿನಲ್ಲಿ.

ಉಗ್ರಾಣದ ಮೂಲೆಯಲ್ಲಿ ಹನ್ನೊಂದು ಹಾಸಿಗೆಗಳು ಸುರುಳಿ ಸುತ್ತಿ ನೆಲದ ಮೇಲೇ ಬಿದ್ದಿದ್ದವು. ಮನೆ ಬಿಟ್ಟು ಕುಟುಂಬಕ್ಕೆ ಮರಳಿದ ಮಕ್ಕಳದ್ದೆಂದು ಮಾಮಾ ಹೇಳಿದರು. ತೇವ ಹಿಡಿಯದಂತೆ ಅವನ್ನೂ ಮೇಲೆತ್ತಿಸಬಹುದೇ ಎಂದು ಕೇಳಿದರು. ಇನ್ನೂ ಒಂದು ಹಲಗೆ ಬೇಕಾಯಿತು. ಎಷ್ಟು ಉದ್ದ ಮಾಡಲಿ ಎಂದು ಯುವಕ ಕೇಳಿದಾಗ, ಹನ್ನೊಂದಕ್ಕೆ ಸಾಲುವಷ್ಟು ಎನ್ನಲು ಹೋದೆ. ಮಾಮಾ ಗೋಡೆಯಿಂದ ಗೋಡೆಗೆ ಕೈ ತೋರಿಸಿದರು.

ಹನ್ನೊಂದನೆಯ ದಿನ, ಗುರುವಾರ

ಬೀಳ್ಕೊಡುಗೆಯ ಸಭೆ ಇರಲಿಲ್ಲ. ಯಾರು ಯಾವತ್ತು ಹೊರಡುತ್ತಾರೆಂದು ಊಟದ ಕೋಣೆಯ ಕ್ಯಾಲೆಂಡರಿನಲ್ಲಿ ಮೊದಲ ದಿನವೇ ಬರೆದಿಟ್ಟಿದ್ದರಿಂದ ಮಕ್ಕಳಿಗೆ ಅದು ಹೊಸ ಸುದ್ದಿಯೂ ಅಲ್ಲ. ಗಂಜಿ ಕುಡಿದೆವು, ಪ್ರಾರ್ಥನೆ ಮಾಡಿದೆವು. ಪೆನ್ನಿನ ಹುಡುಗ ದೂರದಿಂದ ಕೈಯೆತ್ತಿದ.

ವ್ಯಾನಿಗೆ ಪೆಟ್ಟಿಗೆ ಏರಿಸುತ್ತಿದ್ದಾಗ ಹುಡುಗರ ಕೋಣೆಯ ಬಾಗಿಲಿನಿಂದ ಶೋಶೋ ಹೊರಬಂದರು. ಕಿಟಕಿಯ ಪಕ್ಕದ ಮಂಚದ ಹಾಸಿಗೆಯನ್ನು ಸುರುಳಿ ಸುತ್ತಿ ತಲೆಯ ಮೇಲಿಟ್ಟುಕೊಂಡಿದ್ದರು. ಬಾಟಲಿಯ ಹುಡುಗಿ ಮುಂದೆ ಓಡಿಹೋಗಿ ಉಗ್ರಾಣದ ಬೀಗ ತೆಗೆದಳು. ಚಾಲಕರು ಇಂಜಿನ್ ಚಾಲೂ ಮಾಡಿದ್ದರು. ಒಂದು ನಿಮಿಷ ಎಂದು ಹೇಳಿ ನಾನು ಇಳಿದು ಹೋಗಿ, ಹಾಸಿಗೆಯ ಇನ್ನೊಂದು ತುದಿ ಹಿಡಿದು, ಹಲಗೆಯ ಮೇಲೆ ಹನ್ನೆರಡನೆಯದಾಗಿ ಇಡಿಸಿ ಬಂದೆ.